ಉರುಶಿ ಮರದ ಮದುಮಗ

ಅಕ್ಕಾ,

ನನಗೆ ಮದುವೆಯಾಯಿತು. ಅಮ್ಮನಿಗೆ ಮೆಲ್ಲಗೆ ಹೇಳು, ಹೆಣ್ಣು ಒಂದು ಮರ.

ಉರುಶಿ ಮರದ ತೊಗಟೆ ಗೀರಿ, ಬಟ್ಟಲುಗಳಿಗೆ ಮೆರುಗು ಕೊಡುವ ಹಾಲು ತೆಗೆಯುವುದನ್ನು ಕಲಿಯಲು ಜೋಬೋಜಿಗೆ ಬಂದೆನಲ್ಲ, ಗೀರಿದ ಮೊದಲ ದಿನವೇ "ನನಗೆ ಏನೂ ಆಗಲ್ಲ" ಎಂದು ಕೈಗವಸು ಬಿಚ್ಚಿ ಎಸೆದ ಶೂರ ನಾನು. ಆ ಹಾಲಿನ ನಂಜು ತಾಗಿ ಈಗ ಮುಖ ಆವಿಯಲ್ಲಿ ಬೆಂದ ಹಿಟ್ಟಿನ ಉಂಡೆಯ ಹಾಗೆ ಊದಿದೆ. ಕಣ್ಣು ಎಲ್ಲಿದೆ ಎಂದು ತಡಕಿಕೊಳ್ಳಬೇಕು.

ಕೆಲಸ ಕಲಿಸುವ ಯಜಮಾನರ ತಾಯಿ ತೋಮೆ ಅಜ್ಜಿ ನೋಡಿ ಬಿದ್ದು ಬಿದ್ದು ನಕ್ಕಳು. "ಮರ ನೆಂಟ್ರಿಗೆ ತೊಂದ್ರೆ ಕೊಡಲ್ಲ ಕಣೋ. ಮದ್ವೆ ಆಗ್ಬಿಡು!" ಇಲ್ಲಿಯ ಹಳೆಯ ಮದ್ದೇ ಅದಂತೆ. ಬುಡಕ್ಕೆ ಒಂದು ಬಟ್ಟಲು ಅಕ್ಕಿ ಹೆಂಡ ಸುರಿದೆ, ಇನ್ನೊಂದು ನಾನು ಕುಡಿದೆ, ಭಕ್ತಿಯಿಂದ ತಲೆ ಬಾಗಿಸಿದೆ. ಭಕ್ತಿ ಹೆಚ್ಚಾಗಿ ಹಣೆ ಹಸಿ ಗೀರಿಗೇ ತಗುಲಿತು. ಈಗ ಹಣೆಯೂ ಊದಿದೆ.

ಸಂಜೆ ಕುಡೋ ಯಜಮಾನರು ಬಂದು ನೋಡಿದರು. "ಒಳ್ಳೆ ಹೆಣ್ಣನ್ನೇ ಆರಿಸಿದೀಯ. ಆದ್ರೆ ಎಲೆ ಉದುರೋ ಹೊತ್ತಿಗೆ ಹಾಲೆಲ್ಲ ಮುಗಿಯುತ್ತೆ, ಆಮೇಲೆ ಕಡಿಯೋದು. ನಿನ್ನ ಸಾಲಿನ ಮರ, ನೀನೇ ಕಡೀಬೇಕು."

ಅಂದಿನಿಂದ ನಾನು ಅವಳನ್ನು ಗೀರುವಾಗ ಕೈ ಹಗುರ ಮಾಡುತ್ತಿದ್ದೇನೆ. ಅದಕ್ಕೂ ಬೈಸಿಕೊಂಡೆ.

ಜ್ವರವಿಲ್ಲ, ಊಟ ಸೇರುತ್ತಿದೆ. ಅಪ್ಪನ ಹಳೆಯ ಕೈಗವಸು ಬೇಗ ಕಳಿಸು. ಹೊಸ ವರ್ಷದ ಹಬ್ಬಕ್ಕೆ ಸಾರು ಕುಡಿಯಲು ಈ ಮರದ ಮೆರುಗು ಬಳಿದ ಬಟ್ಟಲೊಂದು ನಿನಗೆ ಬರುತ್ತದೆ. ಗಸಗಸ ತಿಕ್ಕಬೇಡ. ಅದು ನಿನ್ನ ತಮ್ಮನ ಹೆಂಡತಿ.

ಗೆಂಪೇ