ಅಣ್ಣ ಸರ್ವರ್, ತಮ್ಮ ಸರ್ವರ್

ಆಗಸ್ಟ್ 23, ಶನಿವಾರ

ಕುರ್ಲಾದಲ್ಲಿ ಲೋಕಲ್ ಬದಲಿಸಿ, ಕಾಂಜೂರ್‌ಮಾರ್ಗದಲ್ಲಿ ಇಳಿದು, ಅಲ್ಲಿಂದ ಶೇರ್ ಆಟೋ. ಆಂಟಾಪ್ ಹಿಲ್‌ನಿಂದ ಪವಾಯಿಗೆ ಒಂದು ಗಂಟೆ ಇಪ್ಪತ್ತು ನಿಮಿಷ. ಐವತ್ಮೂರನೇ ವಯಸ್ಸಿನಲ್ಲಿ ಮತ್ತೆ ಬೆಂಚು.

ಐದು ಶನಿವಾರದ ಟ್ರೇನಿಂಗ್. ಡೇಟಾಬೇಸ್ ಕಳ್ಳರ ಕೈಗೆ ಸಿಗಬಾರದು, ಯಾವತ್ತೂ ನಿಲ್ಲಲೂಬಾರದು — ಹಾಗೆ ಕಟ್ಟುವುದು ಹೇಗೆ ಅಂತ ಕಲಿಸುತ್ತಾರಂತೆ. ಯಾರಿಗೆ? ಬಾಂದ್ರಾದ ಲ್ಯಾಬಿನಲ್ಲಿ ಇಪ್ಪತ್ನಾಲ್ಕು ವರ್ಷದಿಂದ ಅದೇ ಕೆಲಸ ಮಾಡುತ್ತಿರುವ ನನಗೆ. ಮುಂಬೈಯ ಅರ್ಧ ಜನರ ಶುಗರ್ ಎಷ್ಟು ಅಂತ ನನ್ನ ಸರ್ವರಿಗೆ ಗೊತ್ತು.

ಕ್ಲಾಸಿನಲ್ಲಿ ಹದಿನಾಲ್ಕು ಜನ. ಹದಿಮೂರು ಜನ ನನ್ನ ಮಗಳ ವಯಸ್ಸಿನವರು. ಕಲಿಸುವವಳೂ ಅಷ್ಟೇ. ಹೆಸರು ಯಕ್ಷಿತಾ. ಉಡುಪಿ ಕಡೆಯವರು, ಹುಟ್ಟಿದ್ದು ಇಲ್ಲೇ. ನನ್ನ ಹೆಸರು ನೋಡಿ ಕನ್ನಡ ಶುರು ಮಾಡಿದಳು. "ಸರ್, ನಿಮ್ಮ ಸರ್ವರ್ ಲಾಸ್ಟ್ ಟೈಮ್ ಯಾವಾಗ ಬಂದ್... ಮತ್ಲಬ್... ನಿಂತಿತ್ತು?"

ಎದೆ ಉಬ್ಬಿಸಿ ಹೇಳಿದೆ. ತಾನಾಗಿ ಒಮ್ಮೆಯೂ ನಿಂತಿಲ್ಲ. ವರ್ಷಕ್ಕೊಂದು ದಿನ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ನಾನೇ ಆರಿಸುತ್ತೇನೆ. ಒರೆಸಿ, ವಿಭೂತಿ ಹಚ್ಚಿ, ಮರುದಿನ ಚಾಲೂ.

ಹದಿಮೂರು ಜನ ನಕ್ಕರು. ಯಕ್ಷಿತಾ ನಗಲಿಲ್ಲ. ಬರೆದುಕೊಂಡಳು. ಅದು ಇನ್ನೂ ಕೆಟ್ಟದ್ದು ಅನ್ನಿಸಿತು.

ಆಗಸ್ಟ್ 30, ಶನಿವಾರ

ಇವತ್ತು ನನ್ನ ಸರ್ವರ್‌ಗಳ ಹೆಸರು ಕೇಳಿದಳು. ಇರುವುದು ಎರಡು. ಕೆಲಸ ಮಾಡುವುದು ಒಂದು. ಅದು ಕೆಟ್ಟರೆ ಕೆಲಸ ಎತ್ತಿಕೊಳ್ಳಲು ಅದರದೇ ಪ್ರತಿ ಇಟ್ಟುಕೊಂಡು ಕಾಯುವುದು ಇನ್ನೊಂದು. ಮೊದಲನೆಯದು ANNA, ಎರಡನೆಯದು TAMMA. ನಾನೇ ಇಟ್ಟ ಹೆಸರು.

ಬೋರ್ಡಿನ ಮೇಲೆ ಬರೆದಳು. "ಸರ್, ಅಣ್ಣ ಹಾಳಾದ. ತಮ್ಮ ಮೇನ್ ಆದ. ಆಮೇಲೆ ಅಣ್ಣ ರಿಪೇರಿ ಆಗಿ ವಾಪಸ್ ಬಂದ. ಈಗ ಅಣ್ಣ ಯಾರು?"

"ಅಣ್ಣನೇ ಅಣ್ಣ," ಅಂದೆ. "ತಮ್ಮ ಎಷ್ಟು ದುಡಿದರೂ ತಮ್ಮನೇ."

"ಸರ್, ಇಬ್ಬರೂ 'ನಾನೇ ಅಣ್ಣ' ಹೇಳಿದ್ರೆ? ಇಬ್ಬರೂ ಬೇರೆ ಬೇರೆ ರಿಪೋರ್ಟ್ ಬರೀತಾರೆ. ಪೇಶಂಟ್‌ಗೆ ಯಾವುದು ಖರಾ?"

ಯಂತ್ರಕ್ಕೆ ಸ್ಥಾನದ ಹೆಸರು ಇಡಬಾರದಂತೆ, ಸ್ಥಾನ ಬದಲಾಗುತ್ತಲೇ ಇರುತ್ತದಂತೆ. ಹುಡುಗಿ ಹೇಳುವುದು ಸರಿ. ಅದಕ್ಕೇ ಸಿಟ್ಟು.

ಹೋಂವರ್ಕ್: ಆಫೀಸಿನ ಚಿತ್ರ ಬರೆಯಬೇಕು. ಒಂದೊಂದೇ ಡಬ್ಬಿಗೆ ಅಡ್ಡಗೆರೆ ಎಳೆಯಬೇಕು. ಯಾವ ಒಂದನ್ನು ತೆಗೆದರೆ ಎಲ್ಲ ನಿಲ್ಲುತ್ತದೋ ಅದೇ ರೋಗ.

ಸೆಪ್ಟೆಂಬರ್ 3, ಬುಧವಾರ

ಟೇಬಲ್ಲಿನ ಕೆಳಗೆ ಮೊಣಕಾಲೂರಿ ವೈರು ಹುಡುಕಿದೆ. ಜೊತೆಗೆ ನನ್ನ ಅಸಿಸ್ಟಂಟ್ ಶುಭಾಂಗಿ. ಬೆಳಗಾವಿಯವಳು, ಮೂರು ವರ್ಷದಿಂದ ನನ್ನ ಕೈಕೆಳಗೆ. ಮಾತು ಕಡಿಮೆ, ನೋಟ ಜಾಸ್ತಿ.

ಅಣ್ಣನ ವೈರು ಒಂದು ಎಕ್ಸ್‌ಟೆನ್ಶನ್ ಬೋರ್ಡಿಗೆ ಹೋಗುತ್ತದೆ. ತಮ್ಮನದೂ ಅದೇ ಬೋರ್ಡಿಗೆ. ಮೂರನೇ ವೈರು ಗೋಡೆ ಹತ್ತಿ ಗಣಪತಿ ಫೋಟೋದ ಮಿಣುಕು ದೀಪದ ಸರಕ್ಕೆ.

"ಸರ್, ಗಣಪತಿ ಲೈಟ್ ಶಾರ್ಟ್ ಆದ್ರ ಅಣ್ಣ ತಮ್ಮ ಇಬ್ರೂ ಒಮ್ಮಿಗೇ ಹೋಗ್ತಾರಲ್ರೀ?"

"ವಿಘ್ನಹರ್ತಾ ಅವ. ಏನೂ ಆಗೂದಿಲ್ಲ."

"ಬೋರ್ಡ್ ಯಾರು ಹಾಕಿದ್ದು ಸರ್?"

ನಾನೇ. 2011ರಲ್ಲಿ. ಟೆಂಪರರಿ ಅಂತ.

ಸೆಪ್ಟೆಂಬರ್ 13, ಶನಿವಾರ

ಕಳೆದ ಶನಿವಾರ ಗಣಪತಿ ವಿಸರ್ಜನೆ, ಕ್ಲಾಸ್ ಇರಲಿಲ್ಲ. ಚಿತ್ರ ಚೆನ್ನಾಗಿ ತಿದ್ದಲು ಹದಿನೈದು ದಿನ ಸಿಕ್ಕಿತ್ತು. ಬಣ್ಣದ ಪೆನ್ನು. ಬೇರೆ ಬೇರೆ ಬೋರ್ಡು, ಬೇರೆ ಬೇರೆ ಕೋಣೆ. ಗಣಪತಿಗೆ ಸ್ವಂತ ಪ್ಲಗ್ಗು.

ಯಕ್ಷಿತಾ ಬಹಳ ಹೊತ್ತು ನೋಡಿದಳು. ಆಮೇಲೆ ನಡುವಿನ ಡಬ್ಬಿಯ ಮೇಲೆ ಬೆರಳಿಟ್ಟಳು. ಅದರೊಳಗೆ 'ಸಂಗಪ್ಪ' ಅಂತ ಬರೆದಿದ್ದೆ. ಎಲ್ಲ ಬಾಣಗಳೂ ಅಲ್ಲಿಂದಲೇ ಹೊರಟಿದ್ದವು. ಚಂದ ಕಾಣಲಿ ಅಂತ ಹಾಗೆ ಬರೆದದ್ದು.

"ಸರ್, ಈ ಡಬ್ಬಿಗೆ ಬ್ಯಾಕಪ್ ಎಲ್ಲಿ?"

"ಅದು ನಾನು."

"ಹೌದು ಸರ್. ನಿಮ್ಮ ತಮ್ಮ ಯಾರು?"

ಪಾಸ್‌ವರ್ಡ್ ಎಲ್ಲಿ ಬರೆದಿದೆ ಅಂತ ಕೇಳಿದಳು. ತಲೆಯಲ್ಲಿ ಅಂದೆ. ಊಹಿಸಲು ಕಷ್ಟವಾದದ್ದೇ ತಾನೇ ಅಂದಳು. ಹೆಂಡತಿ ಹೆಸರು, ಮದುವೆಯಾದ ವರ್ಷ. ಈ ಸಲ ಅವಳೂ ನಕ್ಕಳು. ಕೆಂಪು ಪೆನ್ನಿನಿಂದ ನನ್ನ ಡಬ್ಬಿಗೆ ಅಡ್ಡಗೆರೆ ಎಳೆದಳು. ಹದಿಮೂರು ಜನರ ಮುಂದೆ.

ಬಹಳ ನೋವಾಯಿತು. ಒಂಬತ್ತು ವರ್ಷದಿಂದ ಎರಡು ದಿನಕ್ಕಿಂತ ಹೆಚ್ಚು ರಜೆ ತೆಗೆದುಕೊಂಡವನಲ್ಲ. ಅದಕ್ಕೆ ಶಾಭಾಸ್ ಸಿಗಬೇಕಿತ್ತು. ಸಿಕ್ಕಿದ್ದು ರೋಗದ ಹೆಸರು.

ಸೆಪ್ಟೆಂಬರ್ 14, ಭಾನುವಾರ

ಹೆಂಡತಿ ಚನ್ನವ್ವನಿಗೆ ಹೇಳಿದೆ. ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆ. ಜೋಳದ ಹಿಟ್ಟು ನಾದುತ್ತಿದ್ದ ಕೈ ನಿಂತಿತು.

"ನನ್ನ ಹೆಸರು ಮಿಷಿನ್‌ದಾಗ ಇಟ್ಟೀರಿ?"

"ಹ್ಞೂಂ. ಇಪ್ಪತ್ನಾಲ್ಕು ವರ್ಷದಿಂದ."

"ದಿನಾ ನನ್ನ ಹೆಸರು ಒತ್ತೀರಿ. ಮಹಾಬಳೇಶ್ವರಕ್ಕ ಮಾತ್ರ ಒಂದಿನಾ ಕರ್ಕೊಂಡು ಹೋಗ್ಲಿಲ್ಲ. ಈ ಸಮುದ್ರ ನೋಡಿ ನೋಡಿ ಕಣ್ಣೆಲ್ಲಾ ಉಪ್ಪಾಗ್ಯಾವ. ಒಂದು ಗುಡ್ಡಾ ತೋರಸ್ರಿ ಅಂದ್ರ ಸರ್ವರ್ ಅಂತೀರಿ."

ಊಟದಲ್ಲಿ ರೊಟ್ಟಿ ಸ್ವಲ್ಪ ದಪ್ಪ ಇತ್ತು.

ಸೆಪ್ಟೆಂಬರ್ 17, ಬುಧವಾರ

ಲ್ಯಾಬಿನ ಒಡತಿ ಡಾಕ್ಟರ್ ಪ್ರಫುಲ್ಲಾ ಮೇಡಂ ಕರೆದರು. ದೊಡ್ಡ ಆಸ್ಪತ್ರೆಯೊಂದರ ಟೆಸ್ಟುಗಳು ಇನ್ನು ನಮಗೇ ಬರುತ್ತವೆ. ಅವರ ಷರತ್ತು ಒಂದೇ — ರಿಪೋರ್ಟ್ ಒಂದು ನಿಮಿಷವೂ ನಿಲ್ಲಬಾರದು. ಟ್ರೇನಿಂಗಿನ ಕೊನೆಯ ಪರೀಕ್ಷೆ ನಮ್ಮ ಆಫೀಸಿನಲ್ಲೇ. ಅಣ್ಣನನ್ನು ಆರಿಸಿ ತಮ್ಮನ ಮೇಲೆ ಕೆಲಸ ನಡೆಸಿ ತೋರಿಸಬೇಕು. ಪಾಸಾದರೆ ಸರಿ. ಇಲ್ಲದಿದ್ದರೆ ಎಲ್ಲವೂ ಹೊರಗಿನ ಕಂಪನಿಗೆ, ನಾನು ರೆಕಾರ್ಡ್ ರೂಮಿಗೆ. ಅಲ್ಲಿ ಫ್ಯಾನು ಕೂಡ ಇಲ್ಲ.

"ಮತ್ತೆ ಒಂದನೇ ತಾರೀಕು ಆಯುಧಪೂಜೆ ಉಂಟಲ್ಲ, ಎರಡೂ ಸರ್ವರ್ ಆಫ್ ಮಾಡಿ ಇಡಿ. ಓಡುವ ಯಂತ್ರಕ್ಕೆ ಪೂಜೆ ಆಗುವುದಿಲ್ಲ ಮಾರಾಯ್ರೆ."

"ಮೇಡಂ, ರಿಪೋರ್ಟ್ ನಿಲ್ಲಬಾರದು ಅಂದ್ರಲ್ಲಾ?"

"ನಿಲ್ಲಬಾರದು. ಪೂಜೆಯೂ ತಪ್ಪಬಾರದು. ನೀವು ಟ್ರೇನಿಂಗಿಗೆ ಹೋಗುವುದು ಎಂತಕ್ಕೆ ಮತ್ತೆ?"

ಸೆಪ್ಟೆಂಬರ್ 20, ಶನಿವಾರ

ಯಕ್ಷಿತಾ ಮುಂದೆ ಸಮಸ್ಯೆ ಇಟ್ಟೆ. ಸಿಕ್ಕಿಬೀಳುತ್ತಾಳೆ ಅಂತ ಒಳಗೊಳಗೇ ಖುಷಿ. ಅವಳು ಎರಡು ನಿಮಿಷ ಯೋಚಿಸಿ ಚಪ್ಪಾಳೆ ತಟ್ಟಿದಳು.

"ಸರ್, ಪೂಜೆ ಅಂದ್ರೆ ಡ್ರಿಲ್. ಪೆಹ್ಲೆ ಅಣ್ಣ ಆಫ್. ತಮ್ಮ ಕೆಲಸ ಮಾಡ್ತಾನೆ, ಅಣ್ಣನಿಗೆ ಪೂಜೆ. ಆಮೇಲೆ ಅಣ್ಣ ಕೆಲಸಕ್ಕೆ, ತಮ್ಮನಿಗೆ ಪೂಜೆ. ಇಬ್ಬರಿಗೂ ಕುಂಕುಮ. ರಿಪೋರ್ಟ್ ಚಾಲೂ."

ಇಪ್ಪತ್ನಾಲ್ಕು ವರ್ಷ ನನಗೆ ಇದು ಹೊಳೆದಿರಲಿಲ್ಲ.

ಆದರೆ ಒಂದು ಷರತ್ತು ಹಾಕಿದಳು. ಪೂಜೆಯ ದಿನವೇ ಕೊನೆಯ ಪರೀಕ್ಷೆ, ಆ ದಿನ ನಾನು ಆಫೀಸಿನಲ್ಲಿ ಇರಬಾರದು. ನನ್ನ ಫೋನ್ ಅವಳ ಬ್ಯಾಗಿನಲ್ಲಿ. ನಾನು ಹೆಜ್ಜೆ ಹೆಜ್ಜೆಯಾಗಿ ಬರೆದಿಡುವ ಪುಸ್ತಕ ನೋಡಿ ಶುಭಾಂಗಿಯೇ ಎಲ್ಲ ಮಾಡಬೇಕು. ಅವಳು ನನ್ನನ್ನು ಒಂದು ಮಾತು ಕೇಳಿದರೂ, ನಾನು ಅವಳಿಗೆ ಒಂದು ಮಾತು ಹೇಳಿದರೂ ಫೇಲ್.

ಹಾಗಾದರೆ ಲೆಕ್ಕ ಹೀಗೆ. ಫೇಲಾದರೆ ನಾನು ಬೇಡ. ಪಾಸಾದರೆ ನಾನಿಲ್ಲದೆ ನಡೆಯುತ್ತದೆ ಅಂತ ರುಜುವಾತು. ಆಗಲೂ ನಾನು ಬೇಡ. ಎಂಥ ಪರೀಕ್ಷೆ ಇದು.

ಚನ್ನವ್ವನಿಗೆ ಹೇಳಿ ಮುಗಿಸುವಷ್ಟರಲ್ಲಿ ಮಹಾಬಳೇಶ್ವರದ ಬಸ್ಸಿಗೆ ಎರಡು ಸೀಟು ಬುಕ್ ಆಗಿದ್ದವು.

ಸೆಪ್ಟೆಂಬರ್ 24, ಬುಧವಾರ

ಪುಸ್ತಕದ ಮೊದಲ ಪ್ರತಿ, ನಲವತ್ತೊಂದು ಪುಟ. ಶುಭಾಂಗಿ ಓದಿದಳು.

"ಸರ್, 'ಸಂಗಪ್ಪನಿಗೆ ಫೋನ್ ಮಾಡುವುದು' ಅಂತ ಹನ್ನೊಂದು ಕಡೆ ಬರ್ದೀರಿ."

"ತುರ್ತು ಇದ್ದಾಗ."

"ನಾಕನೇ ಪುಟದಾಗ ಬರೇ ಕೋಣಿ ಬಾಗ್ಲಾ ತೆಗಿಯೂದು ಅದ ಸರ್."

ಬಾಗಿಲಿಗೂ ಒಂದು ಮರ್ಮ ಇದೆ. ಸ್ವಲ್ಪ ಎತ್ತಿ ದೂಡಬೇಕು. ಬರೆದೆ.

ಸೆಪ್ಟೆಂಬರ್ 26, ಶುಕ್ರವಾರ

ಎರಡನೇ ಪ್ರತಿ. ಒಂಬತ್ತು ಪುಟ, ಇಪ್ಪತ್ತಾರು ಹೆಜ್ಜೆ. ಚೊಕ್ಕ.

ಈ ಡೈರಿ ಯಾರೂ ಓದುವುದಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತೇನೆ. ಹದಿನೇಳನೇ ಹೆಜ್ಜೆ ಆದ ಮೇಲೆ ಒಂದು ಸಾಲು ಇರಬೇಕು. ರಿಪೋರ್ಟ್ ಪ್ರಿಂಟ್ ಮಾಡುವ ಪ್ರೋಗ್ರಾಂ ANNA ಅನ್ನುವ ಹೆಸರನ್ನೇ ಹುಡುಕುತ್ತದೆ. ತಮ್ಮ ಎಷ್ಟೇ ಚೆನ್ನಾಗಿ ದುಡಿಯುತ್ತಿದ್ದರೂ ಅದು ಅವನನ್ನು ಲೆಕ್ಕಕ್ಕೇ ಇಡುವುದಿಲ್ಲ. ಒಂದು ಫೈಲಿನಲ್ಲಿ ಹೆಸರು ಬದಲಿಸಬೇಕು. ಅದು ನನಗೆ ಮಾತ್ರ ಗೊತ್ತು.

ಆ ಸಾಲು ಬರೆಯಲಿಲ್ಲ.

ಮರೆತದ್ದಲ್ಲ. ಪೆನ್ನು ಎತ್ತಿದೆ, ಇಟ್ಟೆ.

ಸೆಪ್ಟೆಂಬರ್ 30, ಮಂಗಳವಾರ

ಯಕ್ಷಿತಾ ಆಫೀಸಿಗೇ ಬಂದು ಫೋನ್ ತೆಗೆದುಕೊಂಡು ಹೋದಳು. ಪುಸ್ತಕ ಬಹಳ ಚೆನ್ನಾಗಿದೆ, ಮುಂದಿನ ಬ್ಯಾಚಿಗೆ ತೋರಿಸುತ್ತೇನೆ ಅಂದಳು. ಶುಭಾಂಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. "ನಿಮ್ಮ ಹೆಸರು ಕೆಡಸಂಗಿಲ್ರಿ ಸರ್."

ಅನ್ನ ಸೇರಲಿಲ್ಲ.

ಅಕ್ಟೋಬರ್ 1, ಬುಧವಾರ. ಬೆಳಿಗ್ಗೆ 10.50, ಮಹಾಡ್ ಬಸ್ ಸ್ಟ್ಯಾಂಡ್

ಪನವೇಲ್ ದಾಟುವವರೆಗೆ ಕಿಟಕಿ ನೋಡಿದೆ. ಪೂಜೆ ಹತ್ತೂವರೆಗೆ. ಚನ್ನವ್ವ ಶೇಂಗಾ ಹೋಳಿಗೆ ಕೊಟ್ಟಳು, ಕೈಯಲ್ಲೇ ಉಳಿಯಿತು. "ಏನಾಗೇದ ನಿಮಗ?" ಅಂದಳು. ಹೇಳಿಬಿಟ್ಟೆ. ಆ ಒಂದು ಸಾಲು.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆ ಹುಡುಗಿ ನಿಮ್ಮ ಕಾಲು ಮುಟ್ಟೇತಿ ಅಂದ್ರಿ," ಅಂತ ಅಷ್ಟೇ ಹೇಳಿ ತನ್ನ ಫೋನ್ ಮುಂದೆ ಹಿಡಿದಳು.

ನಾನು ಫೋನ್ ಮಾಡಿದರೂ ಫೇಲ್. ಮಾಡದಿದ್ದರೂ ಫೇಲ್, ಅವಮಾನ ಮಾತ್ರ ಶುಭಾಂಗಿಯದು. ಹಾಗಾದರೆ ನನ್ನದೇ ಆಗಲಿ ಅನ್ನಿಸಿತು. ಮಹಾಡ್‌ನಲ್ಲಿ ಬಸ್ಸು ನಿಂತ ಕೂಡಲೇ ಇಳಿದು ಮಾಡಿದೆ.

"ಶುಭಾಂಗಿ, ನಾನು ಸಂಗಪ್ಪ. ಹದಿನೇಳು ಆದ ಮ್ಯಾಲೆ..."

ಹಿಂದೆ ಗಂಟೆ, ಮಂಗಳಾರತಿ. ಶುಭಾಂಗಿಯ ದನಿ ಸ್ವಲ್ಪ ಜೋರಾಗಿಯೇ ಬಂತು. "ಸಂಗಪ್ಪ ಅನ್ನಾವ್ರು ಇಲ್ಲಿ ಯಾರೂ ಇಲ್ರೀ. ರಾಂಗ್ ನಂಬರ್."

ಕಟ್.

ಇಪ್ಪತ್ನಾಲ್ಕು ವರ್ಷ. ಯಾರೂ ಇಲ್ಲವಂತೆ.

ಮತ್ತೆ ಮಾಡಿದೆ. ಎತ್ತಲಿಲ್ಲ. ಕಂಡಕ್ಟರ್ ಸೀಟಿ ಊದುತ್ತಿದ್ದಾನೆ.

ಸಂಜೆ 5.30, ಮಹಾಬಳೇಶ್ವರ

ಘಾಟಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಲಾಜಿಗೆ ಬಂದ ಮೇಲೆ ಚನ್ನವ್ವನ ಫೋನಿಗೆ ಒಂದು ಫೋಟೋ ಬಂತು. ಅಣ್ಣನಿಗೆ ಚೆಂಡುಹೂವಿನ ಹಾರ, ತಮ್ಮನಿಗೂ ಅಷ್ಟೇ ದೊಡ್ಡ ಹಾರ. ಮೇಡಂ ಕುಂಕುಮ ಇಟ್ಟಿದ್ದಾರೆ. ಅದರ ಪಕ್ಕದಲ್ಲಿ ಯಾರೋ ಮೂರು ಬೆರಳಿನ ವಿಭೂತಿ ಎಳೆದಿದ್ದಾರೆ. ಅದು ನನ್ನ ಪದ್ಧತಿ. ಪುಸ್ತಕದಲ್ಲಿ ಬರೆದಿರಲಿಲ್ಲ.

ಕೆಳಗೆ ಶುಭಾಂಗಿ ಬರೆದದ್ದು: "ಸರ್, ಯಕ್ಷಿತಾ ಮೇಡಂ ಬಾಜೂಕ ನಿಂತಿದ್ರು, ಅದಕ್ಕ ರಾಂಗ್ ನಂಬರ್ ಅಂದೆ. ಸಿಟ್ಟಾಗಬ್ಯಾಡ್ರಿ. ಹದಿನೇಳರ ಮುಂದಿನ ಸಾಲು ನನಗ ಗೊತ್ತಿತ್ರಿ. ಹ್ವಾದ ವರ್ಷ ನೀವು ತಮ್ಮನ ಮ್ಯಾಲೆ ಟೆಸ್ಟ್ ಮಾಡೂವಾಗ ಹಿಂದ ನಿಂತು ನೋಡಿದ್ದೆ. ನೀವು ಗಡಿಬಿಡಿಯಾಗ ಬಿಟ್ಟೀರಿ ಅಂತ ನಾನೇ ಬರ್ದು ಸೇರಸೇನಿ. ರಿಪೋರ್ಟ್ ಒಂದೂ ನಿಲ್ಲಲಿಲ್ಲ. ಪಾಸ್."

ಗಡಿಬಿಡಿಯಲ್ಲಿ ಬಿಟ್ಟಿರಿ, ಅಂತೆ. ಗೊತ್ತಿದ್ದೂ ಹಾಗೆ ಬರೆದಳೋ, ನಿಜವಾಗಿ ಹಾಗೆ ನಂಬಿದ್ದಾಳೋ ತಿಳಿಯಲಿಲ್ಲ. ಕೇಳುವ ಮುಖ ನನಗಿಲ್ಲ. ನಾಚಿಕೆಯಾಯಿತು. ಅದರ ಬೆನ್ನಿಗೇ ಹಗುರವೂ ಆಯಿತು. ಬಸ್ಸಿನಲ್ಲಿ ತಿನ್ನದೆ ಉಳಿಸಿದ ಹೋಳಿಗೆ ತಿಂದೆ. ಇನ್ನೂ ಎರಡು ಕೇಳಿ ತಿಂದೆ.

ಅಕ್ಟೋಬರ್ 2, ಗುರುವಾರ. ಬೆಳಿಗ್ಗೆ

ಗುಡ್ಡ ನೋಡಲು ಬಂದೆವು. ವ್ಯೂ ಪಾಯಿಂಟಿನಲ್ಲಿ ಬರೀ ಮಂಜು. ಎದುರಿನ ಕಂಬಿಯೂ ಕಾಣುವುದಿಲ್ಲ. ಚನ್ನವ್ವ ಕಾಣದ ಗುಡ್ಡದ ಮುಂದೆ ನಿಂತು ನಾಲ್ಕು ಫೋಟೋ ತೆಗೆಸಿಕೊಂಡಳು. ಬಹಳ ಖುಷಿಯಾಗಿದ್ದಾಳೆ.

ಶುಭಾಂಗಿಯಿಂದ ಇನ್ನೊಂದು ಮೆಸೇಜು. ಎಲ್ಲ ಪಾಸ್‌ವರ್ಡ್ ಬದಲಾಗಿವೆ, ಲಕೋಟೆಯಲ್ಲಿ ಹಾಕಿ ಮೇಡಂ ಕಪಾಟಿನಲ್ಲಿ ಇಟ್ಟಾಗಿದೆ. "ಅಂದ್ರ ನನ್ನ ಹೆಸರು ತಗದ್ರೇನು?" ಅಂತ ಚನ್ನವ್ವ ಕೇಳಿದಳು. ಹೌದು ಅಂದೆ. ಸ್ವಲ್ಪ ಹೊತ್ತು ಮುಖ ಸಪ್ಪಗಿತ್ತು.

ಮೆಸೇಜಿನ ಕೊನೆಯಲ್ಲಿ: "ಎರಡಕ್ಕೂ ಹೊಸಾ ಹೆಸರು ಇಡಬೇಕಂತ್ರಿ ಸರ್. ಹಿರ್ಯಾರು ಬರ್ಲಿ ಅಂತ ನಿಲ್ಲಿಸೇವಿ. ನಾಮಕರಣಕ್ಕ ನೀವ ಬೇಕು."

ನೀವ ಬೇಕು. ಮೂರು ಸಲ ಓದಿದೆ.

10.15, ಪಂಚಗಂಗಾ ಗುಡಿ

ಐದು ಹೊಳೆ ಹುಟ್ಟುವ ಜಾಗ. ಸಾಲಾಗಿ ಐದು ಬಾಯಿ, ಎಲ್ಲದರ ನೀರೂ ಕೂಡಿ ಒಂದು ಕಲ್ಲಿನ ಆಕಳ ಬಾಯಿಂದ ಬೀಳುತ್ತದೆ. ನಮ್ಮ ವಿಜಯಪುರದ ಕಡೆ ಬರುವ ಕೃಷ್ಣೆ ಇಲ್ಲಿಯವಳೇ. ಕೊಯ್ನಾ ಕೂಡ. ಒಂದೇ ಕಡೆ ಹುಟ್ಟಿ, ಬೇರೆ ಬೇರೆ ಹರಿದು, ಕರಾಡದಲ್ಲಿ ಮತ್ತೆ ಕೂಡುತ್ತವೆ. ಒಂದು ಬತ್ತಿದರೆ ಇನ್ನೊಂದು ಇದೆ. ಹೊಳೆಯ ಹೆಸರು ಅಂದರೆ ಸ್ಥಾನದ ಪ್ರಶ್ನೆಯೇ ಇಲ್ಲ, ಜಗಳ ಇಲ್ಲ. ಯಕ್ಷಿತಾ ಒಪ್ಪುತ್ತಾಳೆ.

ಒಂದಕ್ಕೆ KRISHNA. ಇನ್ನೊಂದಕ್ಕೆ KOYNA. ಬರೆದು ಚನ್ನವ್ವನಿಗೆ ತೋರಿಸಿದೆ. ಎರಡು ಸಲ ಓದಿದಳು. ಚಲೋ ಅದಾವ ಅಂದಳು. ಆಮೇಲೆ ಆಕಳ ಬಾಯಿಯ ನೀರಿಗೆ ಕೈ ಒಡ್ಡಿ ಕೇಳಿದಳು.

"ಇವರಿಬ್ಬರೊಳಗ ಅಕ್ಕ ಯಾರ್ರೀ?"

ಯಾರೂ ಅಲ್ಲ ಅಂತ ಹೇಳಬೇಕು. ಆದರೆ ನೋಡಿದರೆ ಕೃಷ್ಣೆಯೇ ಸ್ವಲ್ಪ...