ಸಡಿಲಾದ ದುರ್ಬೀನು

ಹೈಡೆಲ್‌ಬರ್ಗ್
24 ನವೆಂಬರ್ 2024

ಪ್ರೀತಿಯ ಮೋಲಿ ಅಕ್ಕ,

ನಿನ್ನ ಕಾಗದ ಬಂದು ತಿಂಗಳಾಯಿತು, ಬೈಯಬೇಡ. ಭಾವನ ಮಂಡಿನೋವು ಹೇಗಿದೆ? ನಾವು ಗಂಡಹೆಂಡತಿ ಇಬ್ಬರೂ ಕ್ಷೇಮ. ಈ ಮಾತನ್ನು ಇವತ್ತು ಸುಮ್ಮನೆ ಬರೆಯುತ್ತಿಲ್ಲ.

ಕಳೆದ ವಾರ ಇಲ್ಲಿಯ ಕಾಡಿನಲ್ಲಿ ಹಂದಿ ಬೇಟೆಯಿತ್ತು. ಲೈಸೆನ್ಸ್ ಸಿಕ್ಕ ಮೇಲೆ ನನಗಿದು ಮೊದಲ ದೊಡ್ಡ ಬೇಟೆ. ನಾನು ಅಟ್ಟಣೆಯ ಮೇಲೆ ಕೋವಿ ಹಿಡಿದು ಕೂತಿದ್ದೆ. "ಒಬ್ಬಳೇ ಮನೆಯಲ್ಲಿ ಎಂತ ಮಾಡುವುದು?" ಎಂದು ಶ್ಯಾರನ್ ಕಿತ್ತಳೆ ಜಾಕೆಟ್ ಹಾಕಿಕೊಂಡು ಹಂದಿ ಎಬ್ಬಿಸುವವರ ಜೊತೆ ಹೊರಟಿದ್ದಳು.

ಕೋವಿಗೆ ಹೊಸ ಸ್ಕೋಪ್ ಹಾಕಿದ್ದೆ, ಗುರಿ ನೋಡುವ ದುರ್ಬೀನು. ವಿಡಿಯೊ ನೋಡಿ ಅಡುಗೆಮನೆಯ ಮೇಜಿನ ಮೇಲೆ ನಾನೇ ಸ್ಕ್ರೂ ಬಿಗಿದದ್ದು. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಒಮ್ಮೆ ಗುರಿ ಸರಿಯಾಗಿ ಬಿತ್ತು, ಅಷ್ಟಕ್ಕೇ ಬಿಟ್ಟೆ. ಕಾಡುದಾರಿಯಲ್ಲಿ ಕಾರು ಕುಲುಕಿ ಅದು ಸಡಿಲಾದೀತೆಂದು ಹೊಳೆಯಲಿಲ್ಲ.

ಹಂದಿಯೊಂದು ಬಂತು. ಅದರ ಹಿಂದೆ ಎತ್ತರದ ಮಣ್ಣುದಿಣ್ಣೆ. ಗುಂಡು ತಪ್ಪಿದರೂ ಅದು ತಡೆಯುತ್ತದೆಂದು ನೋಡಿಯೇ ಹೊಡೆದೆ. ಗುಂಡು ತಾಗಲಿಲ್ಲ, ಹಂದಿ ದಿಣ್ಣೆ ದಾಟಿ ಓಡಿತು. ಮರುಕ್ಷಣ ಆಚೆಯಿಂದ ಕಿರುಚಾಟ. ಶ್ಯಾರನ್ ದನಿ.

ಅವಳಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಬೇಟೆಯ ಮುಖ್ಯಸ್ಥ ಲೆಂಟ್ಸ್‌ಗೆ ಫೋನ್ ಮಾಡಿದೆ. "ಬೇಟೆ ನಿಲ್ಲಿಸುತ್ತೇನೆ. ನೀನು ಕೋವಿ ಖಾಲಿ ಮಾಡಿ ಅಲ್ಲೇ ಕೂತಿರು, ಇಳಿಯಬೇಡ" ಎಂದ. ಕೂತೆ. ಪ್ರಾರ್ಥನೆ ಮಾಡಲು ಹೋದರೆ ಒಂದು ಶಬ್ದವೂ ನೆನಪಾಗಲಿಲ್ಲ, ಅಕ್ಕ.

ಕೊನೆಗೆ ಲೆಂಟ್ಸ್ ಬಂದ. ಹಿಂದೆಯೇ ಸೊಂಟದವರೆಗೆ ಕೆಸರಾದ ಶ್ಯಾರನ್. ಹಂದಿ ಎದುರಿಗೆ ನುಗ್ಗಿದ್ದಕ್ಕೆ ಹೆದರಿ, ಫೋನ್ ಸಮೇತ ತೋಡಿಗೆ ಬಿದ್ದಿದ್ದಳಂತೆ.

"ಎಂತ ಮಾರಾಯ್ರೆ, ನಿಮ್ಮ ಮುಖ ಯಾಕೆ ಹೀಗೆ?"

ನಾನು ಏಣಿಯ ಬುಡದಲ್ಲಿ ಕೂತು ಅತ್ತುಬಿಟ್ಟೆ.

ಲೆಂಟ್ಸ್ ದುರ್ಬೀನನ್ನು ಬೆರಳಿನಿಂದ ಅಲ್ಲಾಡಿಸಿದ. ಜರುಗಿತು. ಗುಂಡು ಗುರಿಯಿಂದ ಮಾರು ದೂರ, ದಿಣ್ಣೆಯಲ್ಲಿ ಹೂತಿತ್ತು. "ದಿಣ್ಣೆ ನೋಡಿ ಹೊಡೆದೆಯಲ್ಲ, ಅದು ಉಳಿಸಿತು. ಇದನ್ನು ಕೆಲಸ ಬಲ್ಲವರ ಕೈಗೆ ಕೊಡು" ಎಂದ.

ಕೋವಿ ರಿಪೇರಿಯವರು ಸ್ಕ್ರೂಗಳ ಎಣ್ಣೆ ಒರೆಸಿ, ಎಲ್ಲವನ್ನೂ ಬಿಗಿತದ ಅಳತೆ ತೋರಿಸುವ ಸ್ಪ್ಯಾನರ್‌ನಿಂದ ಒಂದೇ ಸಮ ಬಿಗಿದು, ದುರ್ಬೀನಿನ ಒಳಗಿನ ಗುರಿಗೆರೆಯ ಮಟ್ಟ ನೋಡಿ ಕೂರಿಸಿಕೊಟ್ಟರು. ನಿನ್ನೆ ರೇಂಜಿನಲ್ಲಿ ಹೊಡೆದ ಗುಂಡುಗಳೆಲ್ಲ ಬಸಳೆ ಎಲೆಯಷ್ಟು ಜಾಗದೊಳಗೇ ಬಿದ್ದವು. ಇನ್ನು ಪ್ರತಿ ಬೇಟೆಗೂ ಮುಂಚೆ ರೇಂಜಿಗೆ ಹೋಗುವುದೇ.

ಶ್ಯಾರನ್ ಮಧ್ಯಾಹ್ನದ ಗಂಜಿ ಉಂಡು ಸೋಫಾದಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ. ಕೇಳುತ್ತ ಕೂತರೆ ಸಾಕು ಅನಿಸುತ್ತದೆ.

ದೇವರು ನಿಮ್ಮ ಮನೆಯನ್ನು ಚೆನ್ನಾಗಿಡಲಿ. ಭಾವನಿಗೆ ನನ್ನ ನಮಸ್ಕಾರ.

ನಿನ್ನ ತಮ್ಮ,
ನೆಲ್ಸನ್

ತಾ.ಕ.: ಹಂದಿಯೆಂದು ತಿಳಿದು ನಮ್ಮ ಅಪ್ಪನಿಗೆ ಗುಂಡು ಹೊಡೆದ ಪೀಟರ್ ಮಾಮ ಅಪ್ಪನ ಜೀವದ ಗೆಳೆಯ. ಮಣ್ಣು ಮಾಡಿದ ಮರುದಿನ ಅವರು ಸಂಜೆವರೆಗೂ ನಮ್ಮ ಅಂಗಳದಲ್ಲಿ ನಿಂತಿದ್ದರು. ಅಮ್ಮ ಬಾಗಿಲು ತೆಗೆಯಲಿಲ್ಲ. ಅಮ್ಮ ಹೋದ ಮೇಲೆ ನಾವೂ ತೆಗೆಯಲಿಲ್ಲ. ಅಟ್ಟಣೆಯ ಮೇಲೆ ಕೂತಷ್ಟು ಹೊತ್ತು ನಾನು ಅವರೇ ಆಗಿದ್ದೆ. ನನ್ನವಳು ನಡೆದು ಬಂದಳು. ಈ ಕಾಗದ ತಲುಪಿದ ಮೇಲೆ ಬರುವ ಭಾನುವಾರ ಚರ್ಚಿನಲ್ಲಿ ಅವರನ್ನು ಊಟಕ್ಕೆ ಕರೆ, ಅಕ್ಕ.