ಸಿಡಿಲಪ್ಪನಿಗೆ ತಂದ ಗೊರಸು

ದಂಡಿನ ಲಾಯ
ಮಾರ್ಚ್ ೧೨

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರಗಳು.

ನಿನ್ನ ಮೂರು ಕಾಗದಗಳೂ ಬಂದವು. ಒಂದಕ್ಕೂ ಉತ್ತರ ಬರೆಯಲಿಲ್ಲ, ಎಷ್ಟು ಬೇಕೋ ಅಷ್ಟು ಬೈದುಕೋ. ಲಾಳ ಹೊಡೆಯುವವನಿಗೆ ಬಿಡುವೆಲ್ಲಿ ಎಂದು ನೆಪ ಹೇಳಬಹುದಿತ್ತು. ಆದರೆ ಎರಡು ತಿಂಗಳಿಂದ ನಾವಿಲ್ಲಿ ನೊಣ ಹೊಡೆಯುತ್ತ ಕೂತಿದ್ದೇವೆ. ನೀನು ಕೇಳಿದ್ದು ಒಂದೇ ಮಾತು: ನಿನ್ನ ಭಾವ ಹೇಗೆ ಸತ್ತರು? ಸೇನಾಪತಿಯ ಸಹಿಯಿದ್ದ ಕಾಗದದಲ್ಲಿ 'ನಗುನಗುತ್ತಾ, ಒಂದೇ ಕ್ಷಣದಲ್ಲಿ' ಎಂದು ಬರೆದಿದೆಯಲ್ಲ, ಅದು ನಿಜವೇ?

ಅಕ್ಕಾ, ಆ ಕಾಗದ ಎಲ್ಲರ ಮನೆಗೂ ಒಂದೇ ಥರ ಹೋಗುತ್ತದೆ.

ಮೊದಲು ಆ ಸಹಿ ಹಾಕಿದ ಮಹಾನುಭಾವನ ವಿಷಯ ಹೇಳುತ್ತೇನೆ. ಪೇಪರಿನವರು ಅವನನ್ನು ಸಿಡಿಲು ಎಂದು ಬರೆಯುತ್ತಾರೆ. ನಾವು ಬೆನ್ನ ಹಿಂದೆ ಸಿಡಿಲಪ್ಪ ಅನ್ನುತ್ತೇವೆ. ನಮ್ಮ ಜೊತೆಗೇ ನೆಲದ ಮೇಲೆ ಮಲಗುತ್ತಾನೆ, ನಾವು ತಿನ್ನುವ ಒಣ ರೊಟ್ಟಿಯನ್ನೇ ತಿನ್ನುತ್ತಾನೆ. ಆರುನೂರು ಕುದುರೆಗಳ ಹೆಸರೂ ಅವನಿಗೆ ಬಾಯಿಪಾಠ. ನಮ್ಮನ್ನು ಮಾತ್ರ "ಏಯ್" ಅನ್ನುತ್ತಾನೆ. ಆದರೂ ಅವನು ಲಾಯಕ್ಕೆ ಬಂದರೆ ಎಲ್ಲರೂ ಎದೆಯುಬ್ಬಿಸಿ ನಿಲ್ಲುತ್ತೇವೆ, ಮಾನಗೆಟ್ಟವರು. ಅಡುಗೆಯವನೊಬ್ಬನೇ ಬಾಯಿಬಿಟ್ಟು ಹೇಳುವವನು: "ದಾಳಿಗೆ ಎಲ್ರಿಗಿಂತ ಮುಂದೆ ಹೊರಡ್ತಾನಲ್ಲಪ್ಪ, ಅಲ್ಲೇ ನೀವೆಲ್ಲ ಮರುಳಾಗ್ತೀರ. ವಾಪಸ್ಸು ಬರೋದ್ರಲ್ಲೂ ಅವನೇ ಮುಂದು, ನೋಡಿದ್ದೀರಾ?" ನಾವು ಬಿದ್ದು ಬಿದ್ದು ನಕ್ಕೆವು. ಭಾವ ನಗಲಿಲ್ಲ. "ಅವರು ಹೇಳಿದ್ರೆ ಬಾವಿಗೆ ಬೇಕಾದ್ರೂ ಹಾರ್ತೀನಿ" ಅಂದರು.

ಇಲ್ಲಿಯ ಒಂದು ಕಟ್ಟಳೆ ನಿನಗೆ ಗೊತ್ತಿಲ್ಲ. ಪ್ರತಿ ಕುದುರೆಯ ಮುಂಗಾಲಿನ ಗೊರಸಿನ ಮೇಲೆ ಕಾಯಿಸಿದ ಕಬ್ಬಿಣದಿಂದ ನಂಬರು ಸುಡುವುದು ನನ್ನ ಕೆಲಸ. ಕುದುರೆ ಸತ್ತರೆ ಆ ಗೊರಸನ್ನು ಕಡಿದು ತಂದು ತೋರಿಸಬೇಕು. ತರದಿದ್ದರೆ ಸವಾರ ಕುದುರೆಯನ್ನೇ ಮಾರಿಕೊಂಡ ಎಂದೇ ಅರ್ಥ; ಛಡಿಯೇಟು, ಅದರ ಮೇಲೆ ಕಳ್ಳನೆಂಬ ಹೆಸರು. ಸವಾರ ಸತ್ತರೆ ಏನೂ ತರಬೇಕಿಲ್ಲ. ಹೆಸರು ಹೇಳಿದರೆ ಸಾಕು, ಬರೆದುಕೊಳ್ಳುತ್ತಾರೆ.

ಆ ದಿನ ಎದುರಿಗೆ ಹುಲ್ಲು ಮುಚ್ಚಿದ ಕಂದಕವಿದೆ ಎಂದು ಬೇಹಿನವನು ಎರಡು ಸಲ ಹೇಳಿದ್ದ. "ನನ್ನ ಕುದುರೆಗಳು ಹಾರ್ತವೆ, ನೀನು ಸುಮ್ನಿರು" ಅಂದ ಸಿಡಿಲಪ್ಪ. ಅವನದು ಹಾರಿತು. ಹದಿನಾಲ್ಕು ಹಾರಲಿಲ್ಲ; ಭಾವನದು ಅವುಗಳಲ್ಲೊಂದು. ದಂಡು ಹಿಂದೆ ಸರಿಯುವ ಹೊತ್ತಿಗೆ ಸಿಡಿಲಪ್ಪ ನನ್ನ ಕೈಗೆ ಕೊಡಲಿ ಕೊಟ್ಟು, ಗೊರಸು ತರಲು ಕಳಿಸಿದ. ಹದಿನಾಲ್ಕನ್ನೂ ಗೋಣಿಚೀಲದಲ್ಲಿ ತಂದೆ. ಭಾವನನ್ನು ಯಾರೂ ಕಳ್ಳ ಅನ್ನಲಿಲ್ಲ. ಮಕ್ಕಳಿಗೆ ಇಷ್ಟು ಹೇಳು, ಸಾಕು.

ನಿನಗೂ ಮಕ್ಕಳಿಗೂ ದೇವರು ಒಳ್ಳೆಯದು ಮಾಡಲಿ. ದೊಡ್ಡವನನ್ನು ಮಾತ್ರ ದಂಡಿಗೆ ಕಳಿಸಬೇಡ. ಹಟ ಮಾಡಿದರೆ ಕಾಲು ಮುರಿದು ಮನೆಯಲ್ಲಿ ಕೂರಿಸು.

ಇಂತು ನಿನ್ನ ತಮ್ಮ

ಮರೆತ ಮಾತು: ಮರೆತಿರಲಿಲ್ಲ ಅಕ್ಕಾ, ಬರೆಯಲು ಕೈ ಬರಲಿಲ್ಲ. ಕಂದಕದಲ್ಲಿ ಭಾವ ಬದುಕಿದ್ದರು. ಸತ್ತ ಕುದುರೆ ಅವರ ಸೊಂಟದ ಮೇಲೆ ಬಿದ್ದಿತ್ತು. "ಬಂದ್ಯೇನೋ ಭಾಮೈದ? ಮೊದ್ಲು ಗೊರಸು ತಗೋ, ಇಲ್ಲಾಂದ್ರೆ ನನ್ನ ಕಳ್ಳ ಅಂತಾರೆ. ಆಮೇಲೆ ನಾಲ್ಕು ಜನಾನ ಕರ್ಕೊಂಡು ಬಾ" ಅಂದರು. ನನಗೆ ಕಡಿಯಲು ಸುಲಭವಾಗಲೆಂದು ಅದರ ಕಾಲನ್ನು ತಾವೇ ಹಿಡಿದುಕೊಂಡರು. ನಾನು ಓಡಿ ಬಂದೆ. ಆ ಗೊರಸಿನ ನಂಬರು ನೋಡಿ ಸಿಡಿಲಪ್ಪ ಕುದುರೆಯ ಹೆಸರು ಹಿಡಿದು ಅತ್ತುಬಿಟ್ಟ. ನನ್ನ ಭುಜದ ಮೇಲೆ ಕೈಯಿಟ್ಟ. ಹನ್ನೊಂದು ವರ್ಷದಲ್ಲಿ ಅದೇ ಮೊದಲು. "ಇದರ ಸವಾರ?" ಎಂದು ಕೇಳಿದ. ಬದುಕಿದ್ದಾರೆ ಅಂದರೆ, ಮತ್ತೇಕೆ ಬಿಟ್ಟು ಬಂದೆ ಎಂದು ಆ ಕೈ ತೆಗೆದುಬಿಡುತ್ತಾನೆ ಅನ್ನಿಸಿತು. "ಹೋದರು ಸ್ವಾಮಿ" ಅಂದೆ. ಭಾವನ ಹೆಸರು ಬರೆದುಕೊಂಡರು, ನಾವು ಹೊರಟೆವು.